ಉಪ್ಪಿನ ತೊಟ್ಟಿ ಮೊದಲು, ಯಂತ್ರ ಆಮೇಲೆ: ವಾಟರ್ ಸಾಫ್ಟ್‌ನರ್ ಕೆಲಸದಲ್ಲಿ ಕಲಿತ ಪಾಠಗಳು

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ವಾಟರ್ ಸಾಫ್ಟ್‌ನರ್ ಕೂರಿಸುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಆದರೂ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿಕೊಂಡ ಮನೆಗಳು ಬೇಕಾದಷ್ಟಿವೆ. ನಲ್ಲಿಯ ಬಾಯಿಗೆ ಬಿಳಿ ಕಟ್ಟು, ಗೀಸರ್ ಕಾಯಿಲ್ ಸುಟ್ಟುಹೋಗುವುದು, ಎಷ್ಟು ಸೋಪು ಹಾಕಿದರೂ ಬಾರದ ನೊರೆ, ಕುಕ್ಕರ್ ಎಷ್ಟು ಕೂಗಿದರೂ ಬೇಯದ ಬೇಳೆ. ಈ ಕಾಟ ತಾಳದೆ ಸಾಫ್ಟ್‌ನರ್ ಕೊಳ್ಳುತ್ತಾರೆ. ಕೊಂಡ ಮೇಲೆ ಅದನ್ನು ಮರೆಯುತ್ತಾರೆ.

ನನಗೆ ಬರುವ ಕರೆಗಳಲ್ಲಿ ಯಂತ್ರವೇ ಮುರಿದದ್ದು ಬಹಳ ಕಡಿಮೆ. ಹೆಚ್ಚಿನವು ಒಂದೇ ಮೂಲಕ್ಕೆ ಬಂದು ನಿಲ್ಲುತ್ತವೆ: ಯಂತ್ರ ತನ್ನನ್ನು ತಾನು ತೊಳೆದುಕೊಂಡಿಲ್ಲ. ಸಾಫ್ಟ್‌ನರ್ ನೀರನ್ನು ಮೆದು ಮಾಡುವುದು ತಾನಾಗಿಯೇ ಆಗುವ ಕೆಲಸ, ಅದಕ್ಕೆ ಕರೆಂಟೂ ಬೇಕಿಲ್ಲ. ಕಷ್ಟವಿರುವುದೆಲ್ಲ ಅದು ತೊಳೆದುಕೊಳ್ಳುವ ಆ ಒಂದೂವರೆ ಗಂಟೆಯಲ್ಲಿ. ಅಷ್ಟನ್ನು ಅರ್ಥ ಮಾಡಿಕೊಂಡ ಮನೆಯವರು ನನ್ನನ್ನು ಕರೆಯುವುದೇ ಅಪರೂಪ.

1. ಸಾಫ್ಟ್‌ನರ್ ಸೋಸುವುದಿಲ್ಲ, ಅದಲುಬದಲು ಮಾಡುತ್ತದೆ

ನೀರು ಗಡಸಾಗುವುದು ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂನಿಂದ. ಕರಗಿ ಹೋದದ್ದು ಬಟ್ಟೆಗೂ ಸಿಗುವುದಿಲ್ಲ, ಮರಳಿನ ಫಿಲ್ಟರಿಗೂ ಸಿಗುವುದಿಲ್ಲ. ಸಾಫ್ಟ್‌ನರ್ ಸಿಲಿಂಡರಿನೊಳಗೆ ಇರುವುದು ರೆಸಿನ್: ರವೆಯಂಥ, ಜೇನು ಬಣ್ಣದ ಪಾಲಿಸ್ಟೈರೀನ್ ಗುಂಡುಗಳು. ಒಂದೊಂದು ಗುಂಡಿನ ಒಳಗೂ ಹೊರಗೂ ಋಣ ವಿದ್ಯುದಂಶದ ತಾಣಗಳು ತುಂಬಿರುತ್ತವೆ. ಹೊಸ ರೆಸಿನ್‌ನಲ್ಲಿ ಆ ತಾಣಗಳಲ್ಲೆಲ್ಲ ಸೋಡಿಯಂ ಕೂತಿರುತ್ತದೆ. ಗಡಸು ನೀರು ಮೇಲಿನಿಂದ ಕೆಳಕ್ಕೆ ಇಳಿಯುವಾಗ ಕ್ಯಾಲ್ಸಿಯಂ ಬಂದು ಎರಡು ಸೋಡಿಯಂಗಳನ್ನು ಎಬ್ಬಿಸಿ ಅವುಗಳ ಜಾಗ ಹಿಡಿಯುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗುತ್ತದೆ. ಸೋಡಿಯಂ ಬಿಸಿಯಾದಾಗ ಕಾಯಿಲ್ ಮೇಲೆ ಕಟ್ಟುವುದಿಲ್ಲ, ಸೋಪಿನ ಜೊತೆ ಸೇರಿ ಗಸಿಯೂ ಆಗುವುದಿಲ್ಲ. ನಮಗೆ ಬೇಕಾದದ್ದು ಅಷ್ಟೆ.

ಇದರಿಂದ ಒಂದು ಮಾತು ಖಚಿತವಾಗುತ್ತದೆ. ಟಿಡಿಎಸ್ ಮೀಟರ್ ಅದ್ದಿ ಸಾಫ್ಟ್‌ನರ್ ಪರೀಕ್ಷೆ ಮಾಡಲಾಗದು. ನೀರಿನಿಂದ 40 ಗ್ರಾಂ ಕ್ಯಾಲ್ಸಿಯಂ ಹೋದರೆ ಅದರ ಬದಲಿಗೆ 46 ಗ್ರಾಂ ಸೋಡಿಯಂ ಬರುತ್ತದೆ. ಕರಗಿದ ಲವಣದ ಮೊತ್ತ ಇಳಿಯುವುದಿಲ್ಲ, ಕೂದಲೆಳೆಯಷ್ಟು ಏರುತ್ತದೆ. "ಮುಂಚೆ 900 ಇತ್ತು, ಈಗಲೂ 900 ತೋರಿಸ್ತಿದೆ, ನಿಮ್ಮ ಮಿಷಿನ್ ಕೆಲಸ ಮಾಡ್ತಿಲ್ಲ" ಎಂದು ಜಗಳಕ್ಕೆ ಬರುವವರಿಗೆ ನಾನು ಇದನ್ನೇ ಹೇಳುವುದು. ಮೀಟರ್ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಅಳೆಯುವುದು ಬೇರೆಯದನ್ನು.

2. ನೀರಿನ ಲೆಕ್ಕ ಗೊತ್ತಿಲ್ಲದೆ ಸ್ಪ್ಯಾನರ್ ಮುಟ್ಟಬೇಡಿ

ನನ್ನ ಚೀಲದಲ್ಲಿ ಎಲ್ಲಕ್ಕಿಂತ ಮೇಲಿರುವುದು ಗಡಸುತನದ ಟೆಸ್ಟ್ ಕಿಟ್. ಚಿಕ್ಕ ಬಾಟಲಿಗೆ ಗುರುತಿನವರೆಗೆ ನೀರು, ಎರಡು ಹನಿ ಬಫರ್, ಚಿಟಿಕೆ ಬಣ್ಣದ ಪುಡಿ. ಗಡಸು ನೀರಾದರೆ ತಕ್ಷಣ ನೇರಳೆಗೆಂಪಾಗುತ್ತದೆ. ಆಮೇಲೆ ಮೂರನೇ ಸೀಸೆಯ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ, ಪ್ರತಿ ಹನಿಗೂ ಕುಲುಕುತ್ತ ಎಣಿಸಬೇಕು. ಬಹಳ ಹೊತ್ತು ಏನೂ ಆಗುವುದಿಲ್ಲ. ಕೊನೆಯ ಒಂದೆರಡು ಹನಿಗೆ ಮಾತ್ರ ಕೆಂಪು ಮಸುಕಾಗಿ, ನೇರಳೆಯಾಗಿ, ಮರುಹನಿಗೆ ಥಟ್ಟನೆ ನೀಲಿಗೆ ತಿರುಗುತ್ತದೆ. ಒಂದು ಹನಿಗೆ ಎಷ್ಟು ಗಡಸುತನ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಗುಣಿಸಿದರೆ ಆಯಿತು. ಚೆನ್ನಾಗಿ ಮೆದುವಾದ ನೀರಿಗೆ ಪುಡಿ ಹಾಕಿದಾಗಲೇ ನೀಲಿ ಬರುತ್ತದೆ, ಒಂದು ಹನಿಯೂ ಬೇಡ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಿಕೊಳ್ಳಬಹುದು. ಸುತ್ತಮುತ್ತ ಇರುವ ಎರಡು ಬೋರ್‌ವೆಲ್‌ಗಳ ನೀರೇ ಒಂದರಂತೆ ಒಂದಿರುವುದಿಲ್ಲ, ಇನ್ನು ಟ್ಯಾಂಕರ್ ನೀರಂತೂ ಲೋಡಿಗೊಂದು ತರಹ. ಅದಕ್ಕೇ ಒಂದೇ ಕಡೆ ನೋಡಿ ಬಿಡುವುದಿಲ್ಲ: ಸಂಪಿನ ನೀರು, ಸಾಫ್ಟ್‌ನರ್ ದಾಟಿದ ನೀರು, ಸ್ನಾನದ ಮನೆಯ ನಲ್ಲಿ. ಮೂರನ್ನೂ ನೋಡುತ್ತೇನೆ. ಸಾಫ್ಟ್‌ನರ್ ಪಕ್ಕದ ನಲ್ಲಿಯಲ್ಲಿ ನೀಲಿ ಬಂದು ಸ್ನಾನದ ಮನೆಯಲ್ಲಿ ಕೆಂಪು ಬಂದರೆ ಯಂತ್ರದ್ದು ತಪ್ಪಿಲ್ಲ, ಎಲ್ಲೋ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿಲ್ಲ. ಈ ಒಂದು ಪರೀಕ್ಷೆ ಎಷ್ಟೋ ಮನೆಗಳಲ್ಲಿ ಸುಮ್ಮನೆ ಬಿಚ್ಚಬೇಕಾಗಿದ್ದ ವಾಲ್ವ್‌ಗಳನ್ನು ಉಳಿಸಿದೆ.

3. ತೊಳೆಯುವ ಶಕ್ತಿ ಇರುವುದು ಉಪ್ಪಿನ ದಟ್ಟಣೆಯಲ್ಲಿ

ರೆಸಿನ್‌ಗೆ ಸೋಡಿಯಂಗಿಂತ ಕ್ಯಾಲ್ಸಿಯಂ ಇಷ್ಟ, ಅದಕ್ಕೇ ಅದನ್ನು ಹಿಡಿಯುತ್ತದೆ. ಹಾಗಿದ್ದರೆ ಹಿಡಿದ ಕ್ಯಾಲ್ಸಿಯಂ ಅನ್ನು ಮತ್ತೆ ಬಿಡಿಸುವುದು ಹೇಗೆ? ಸುತ್ತಲೂ ಸೋಡಿಯಂ ವಿಪರೀತ ದಟ್ಟವಾಗಿದ್ದರೆ ಈ ಒಲವು ತಿರುಗುಮುರುಗಾಗುತ್ತದೆ. ನೂರಕ್ಕೆ ಹತ್ತರಷ್ಟು ಉಪ್ಪಿರುವ ನೀರು ನಿಧಾನವಾಗಿ ಹಾದರೆ ಕ್ಯಾಲ್ಸಿಯಂ ಜಾಗ ಬಿಟ್ಟು ಏಳುತ್ತದೆ, ಸೋಡಿಯಂ ಮತ್ತೆ ಬಂದು ಕೂರುತ್ತದೆ. ಇದಕ್ಕೆ ರೀಜನರೇಶನ್ ಎನ್ನುತ್ತಾರೆ.

ದಟ್ಟಣೆ ಕಡಿಮೆಯಾದರೆ ಅಷ್ಟೇ ಉಪ್ಪು ಹಾಕಿಯೂ ಪ್ರಯೋಜನವಿಲ್ಲ. ಕೈಯಲ್ಲಿ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್ ಇರುವ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಎರಡು ಕಿಲೋ ಉಪ್ಪನ್ನು ದೊಡ್ಡ ಡ್ರಮ್ಮಿನ ತುಂಬ ನೀರಿಗೆ ಕಲಸಿ ಬಿಡುತ್ತಾರೆ, ಇಲ್ಲವೇ ಸರಿಯಾಗಿ ಕಲಸಿದ್ದನ್ನು ಅವಸರಕ್ಕೆ ಐದೇ ನಿಮಿಷದಲ್ಲಿ ಎಳೆಸಿ ಮುಗಿಸುತ್ತಾರೆ. ಉಪ್ಪುನೀರು ಗುಂಡುಗಳ ಒಳಗೆ ಇಳಿಯುವುದಕ್ಕೆ ಹೊತ್ತು ಬೇಕು. ಇಪ್ಪತ್ತು, ಮೂವತ್ತು ನಿಮಿಷಕ್ಕಿಂತ ಕಡಿಮೆಯಾದರೆ ಹೊರಮೈ ಮಾತ್ರ ತೊಳೆದಂತಾಗುತ್ತದೆ.

ರೈತರಿಗೆ ಈ ವಿದ್ಯೆ ಹೊಸದಲ್ಲ. ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಜಮೀನಿಗೆ ಜಿಪ್ಸಂ ಹಾಕಿ ನೀರು ನಿಲ್ಲಿಸುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ಅದಲುಬದಲು, ದಿಕ್ಕು ಮಾತ್ರ ಉಲ್ಟಾ. ಜಿಪ್ಸಂನ ಕ್ಯಾಲ್ಸಿಯಂ ಜೇಡಿ ಕಣಗಳ ಮೇಲೆ ಕೂತು ಸೋಡಿಯಂ ಅನ್ನು ಓಡಿಸುತ್ತದೆ. ಅಸಲಿಗೆ ಅಯಾನುಗಳ ಈ ವಿನಿಮಯವನ್ನು ಮೊದಲು ಗುರುತಿಸಿದ್ದೂ ಮಣ್ಣಿನಲ್ಲೇ. 1850ರಲ್ಲಿ ಇಂಗ್ಲೆಂಡಿನ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಥಾಮಸ್ ವೇ, ಗೊಬ್ಬರದ ಅಮೋನಿಯಾವನ್ನು ಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಸುಣ್ಣದ ಅಂಶವನ್ನು ಬಿಡುವುದನ್ನು ವಿವರವಾಗಿ ಬರೆದಿಟ್ಟ. ಇವತ್ತಿನ ಪ್ಲಾಸ್ಟಿಕ್ ಗುಂಡುಗಳ ಹಿಂದಿರುವುದು ಅದೇ ತತ್ವ.

4. ಒಂದು ಸಲವಾದರೂ ಡ್ರೈನ್ ಪೈಪಿನ ಪಕ್ಕ ಕೂತು ಪೂರ್ತಿ ನೋಡಿ

ಪುಸ್ತಕದಲ್ಲಿ ಓದಿ ತಿಳಿಯದ್ದು ಡ್ರೈನ್ ನೀರಿನಲ್ಲಿ ತಿಳಿಯುತ್ತದೆ. ಹೊಸದಾಗಿ ಯಂತ್ರ ಕೂರಿಸಿದ ಮನೆಯವರನ್ನು ಒಂದು ಆವರ್ತನ ಮುಗಿಯುವವರೆಗೆ ನನ್ನ ಜೊತೆ ಕೂರಿಸಿಕೊಳ್ಳುತ್ತೇನೆ.

ಮೊದಲು ಬ್ಯಾಕ್‌ವಾಶ್. ನೀರು ಕೆಳಗಿನಿಂದ ಮೇಲಕ್ಕೆ ಜೋರಾಗಿ ನುಗ್ಗುತ್ತದೆ, ಒತ್ತಿಕೊಂಡು ಕೂತಿದ್ದ ರೆಸಿನ್ ಸಡಿಲವಾಗಿ ಮೇಲೇಳುತ್ತದೆ, ನಡುವೆ ಸಿಕ್ಕಿದ್ದ ಮಣ್ಣು, ಕೆಸರು ಹೊರಗೆ ಬರುತ್ತದೆ. ಸಿಲಿಂಡರಿನ ಮೇಲ್ಭಾಗ ಖಾಲಿ ಬಿಟ್ಟಿರುವುದು ಇದಕ್ಕೇ. "ಇನ್ನೂ ಜಾಗ ಇದೆಯಲ್ಲ, ರೆಸಿನ್ ಭರ್ತಿ ತುಂಬಿ" ಎನ್ನುವವರ ಮಾತು ಕೇಳಿದರೆ ಗುಂಡುಗಳು ಏಳಲಾಗದೆ ಕೆಸರು ಅಲ್ಲೇ ಉಳಿಯುತ್ತದೆ, ಇಲ್ಲವೇ ರೆಸಿನ್ನೇ ಡ್ರೈನಿಗೆ ಹರಿದುಹೋಗುತ್ತದೆ. ಹತ್ತು ನಿಮಿಷದಲ್ಲಿ ಡ್ರೈನ್ ನೀರು ತಿಳಿಯಾಗಬೇಕು.

ಆಮೇಲೆ ಉಪ್ಪುನೀರು ಎಳೆಯುವ ಹಂತ. ಡ್ರೈನ್ ಧಾರೆ ಸಣ್ಣಗಾಗುತ್ತದೆ, ತೊಟ್ಟಿಯಲ್ಲಿ ನೀರಿನ ಮಟ್ಟ ನಿಧಾನವಾಗಿ ಇಳಿಯತೊಡಗುತ್ತದೆ. ಈಗ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿ ಉಗುಳಿ. ಮೊದಲು ಸಪ್ಪೆ. ಸ್ವಲ್ಪ ಹೊತ್ತಿಗೆ ಉಪ್ಪಿಗಿಂತ ಕಹಿ ಮುಂದಾದ, ಗಂಟಲಿಗೆ ಹತ್ತುವ ರುಚಿ. ಅದು ರೆಸಿನ್ ಬಿಟ್ಟುಕೊಡುತ್ತಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ. ದಿನಗಟ್ಟಲೆ ಮನೆಯ ನೀರಿನಿಂದ ತೆಗೆದದ್ದೆಲ್ಲ ಈ ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತದೆ. ನಂತರ ಬರೀ ಉಪ್ಪು, ಆಮೇಲೆ ಮತ್ತೆ ಸಪ್ಪೆ. ತೊಟ್ಟಿಯ ಉಪ್ಪುನೀರು ಮುಗಿದ ಮೇಲೂ ನೀರು ಅದೇ ನಿಧಾನದಲ್ಲಿ ಹರಿದು, ಒಳಗೆ ಉಳಿದ ಉಪ್ಪನ್ನು ಕೆಳಕ್ಕೆ ತಳ್ಳುತ್ತದೆ. ಎರಡೂ ಸೇರಿ ಸುಮಾರು ಒಂದು ಗಂಟೆ.

ಕೊನೆಯಲ್ಲಿ ಮೇಲಿನಿಂದ ಕೆಳಕ್ಕೆ ಜೋರಾಗಿ ಒಂದು ತೊಳೆತ, ಆಮೇಲೆ ಮುಂದಿನ ಸಲಕ್ಕೆಂದು ತೊಟ್ಟಿಗೆ ಅಳತೆಯ ನೀರು. ಕಹಿ ಬರಲೇ ಇಲ್ಲ ಎಂದರೆ ಉಪ್ಪು ರೆಸಿನ್ ಮುಟ್ಟಿಲ್ಲ, ಅಷ್ಟು ಸರಳ.

5. ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದು ಮೊದಲು ನೋಡಿ

ಸಾಫ್ಟ್‌ನರ್‌ಗೆ ಉಪ್ಪುನೀರು ಎಳೆಯಲು ಬೇರೆ ಮೋಟಾರು ಇಲ್ಲ. ವಾಲ್ವಿನೊಳಗೆ ಇಂಜೆಕ್ಟರ್ ಎಂಬ ಸಣ್ಣ ಭಾಗವಿದೆ. ಅದರ ಇಕ್ಕಟ್ಟಾದ ತೂತಿನಲ್ಲಿ ನೀರು ರಭಸದಿಂದ ಹಾದಾಗ ಪಕ್ಕದಲ್ಲಿ ಒತ್ತಡ ಇಳಿದು, ತೊಟ್ಟಿಯ ಉಪ್ಪುನೀರು ತಾನಾಗಿ ಮೇಲೇರಿ ಬರುತ್ತದೆ. ರಭಸವಿಲ್ಲದಿದ್ದರೆ ಎಳೆತವಿಲ್ಲ. ಹೆಚ್ಚಿನ ವಾಲ್ವ್‌ಗಳಿಗೆ ಕನಿಷ್ಠ ಒಂದೂವರೆ ಕಿಲೋ ಪ್ರೆಶರ್ ಬೇಕು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಕಿಲೋ. ನಮ್ಮ ಮನೆಗಳಲ್ಲಿ ಓವರ್‌ಹೆಡ್ ಟ್ಯಾಂಕು ತಾರಸಿಯ ಮೇಲೆ, ಸಾಫ್ಟ್‌ನರ್ ಅದರ ಪಕ್ಕದಲ್ಲೇ, ಎತ್ತರದ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್. ಅಲ್ಲಿ ಯಾವ ಕಂಪನಿಯ ಯಂತ್ರ ತಂದಿಟ್ಟರೂ ಅದು ಉಪ್ಪು ಎಳೆಯುವುದಿಲ್ಲ.

ಪ್ರೆಶರ್ ಪಂಪ್ ಹಾಕಿಸಿದ ಮನೆಗಳಲ್ಲಿ ಇನ್ನೊಂದು ತೊಡಕು. ಆಟೊಮ್ಯಾಟಿಕ್ ವಾಲ್ವ್ ರಾತ್ರಿ ಎರಡು ಗಂಟೆಗೆ, ಯಾರೂ ನೀರು ಬಳಸದ ಹೊತ್ತಿನಲ್ಲಿ ತೊಳೆದುಕೊಳ್ಳಲಿ ಎಂದು ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸಿರುತ್ತಾರೆ. ಮನೆಯ ಯಜಮಾನರು ಮಲಗುವ ಮುಂಚೆ ಪಂಪಿನ ಸ್ವಿಚ್ ಆರಿಸುತ್ತಾರೆ. ರಾತ್ರಿ ವಾಲ್ವ್ ತನ್ನ ಗಡಿಯಾರದಂತೆ ಒಂದೊಂದೇ ಹಂತಕ್ಕೆ ತಿರುಗುತ್ತ ಹೋಗುತ್ತದೆ, ಒಳಗೆ ಮಾತ್ರ ನೀರು ಓಡುವುದೇ ಇಲ್ಲ. ಬೆಳಿಗ್ಗೆ ಪರದೆ ನೋಡಿದರೆ ರೀಜನರೇಶನ್ ಮುಗಿದಿದೆ ಎಂದೇ ತೋರಿಸುತ್ತದೆ.

ಇಂಥದೊಂದು ಮನೆಯಲ್ಲಿ ಹಿರಿಯರೊಬ್ಬರು ಉಪ್ಪಿನ ತೊಟ್ಟಿಯ ಮುಚ್ಚಳ ತೆಗೆದು ಹೆಮ್ಮೆಯಿಂದ ತೋರಿಸಿದರು. "ನೋಡಪ್ಪಾ, ದೀಪಾವಳಿಗೆ ತುಂಬಿದ ಉಪ್ಪು ಇನ್ನೂ ಹಾಗೇ ಇದೆ. ಖರ್ಚೇ ಇಲ್ಲದ ಮಿಷಿನ್ನು." ನಾನು ಹೇಳಿದೆ, "ಅಮ್ಮಾ, ಉಪ್ಪು ಇಳಿದಿಲ್ಲ ಅಂದ್ರೆ ಅದು ದೀಪಾವಳಿಯಿಂದ ತೊಳ್ಕೊಂಡೇ ಇಲ್ಲ." ಸಮಯವನ್ನು ಮಧ್ಯಾಹ್ನ ಎರಡಕ್ಕೆ ಬದಲಾಯಿಸಿದೆವು. ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಲಿಲ್ಲ. ಕರೆಂಟು ಹೋಗಿ ಬಂದಾಗ ಕೆಲವು ವಾಲ್ವ್‌ಗಳ ಗಡಿಯಾರ ಹಿಂದೆ ಬೀಳುತ್ತದೆ, ಅದನ್ನೂ ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು.

6. ಯಂತ್ರ ಅಳೆಯುವುದು ನೀರನ್ನು, ಉಪ್ಪನ್ನಲ್ಲ

ತೊಟ್ಟಿಯ ತುಂಬ ಉಪ್ಪು ಸುರಿದರೆ ನೀರು ಇನ್ನಷ್ಟು ಮೆದುವಾಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಮಾತ್ರ ಕರಗುತ್ತದೆ, ಅದರಾಚೆ ಎಷ್ಟೇ ಇದ್ದರೂ ತಳದಲ್ಲಿ ಹಾಗೇ ಕೂತಿರುತ್ತದೆ. ಯಂತ್ರ ತೊಟ್ಟಿಗೆ ಏಳು ಲೀಟರ್ ನೀರು ಬಿಟ್ಟರೆ ಎರಡೂವರೆ ಕಿಲೋ ಉಪ್ಪು ಕರಗಿ ರೆಸಿನ್ ಸೇರುತ್ತದೆ. ತೊಟ್ಟಿಯಲ್ಲಿ ಹತ್ತು ಕಿಲೋ ಇದ್ದರೂ ಅಷ್ಟೆ, ಐವತ್ತು ಕಿಲೋ ಇದ್ದರೂ ಅಷ್ಟೆ. ನಮ್ಮ ಪಾಲಿನ ಕೆಲಸ ಉಪ್ಪು ನೀರಿನ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳುವುದೊಂದೇ. ಕರಗಲು ಎರಡು ಮೂರು ಗಂಟೆಯಾದರೂ ಬೇಕು. ಖಾಲಿ ತೊಟ್ಟಿಗೆ ಉಪ್ಪು ಸುರಿದು ಮರುಕ್ಷಣವೇ ಬಟನ್ ಒತ್ತುವುದರಿಂದ ನೀರು ವ್ಯರ್ಥವಾಗುತ್ತದೆ ಅಷ್ಟೆ.

ತೊಟ್ಟಿಯಲ್ಲಿ ಇನ್ನೊಂದು ಮೋಸ ಅಡಗಿರುತ್ತದೆ. ತೇವಕ್ಕೆ ಉಪ್ಪಿನ ಮೇಲ್ಪದರ ಗಟ್ಟಿ ಹೆಂಟೆಯಾಗಿ ತೊಟ್ಟಿಯ ಅಂಚಿನಿಂದ ಅಂಚಿಗೆ ಚಾವಣಿಯಂತೆ ನಿಲ್ಲುತ್ತದೆ. ಕೆಳಗಿನ ಉಪ್ಪು ಕರಗಿ ಹೋಗಿ ಟೊಳ್ಳಾಗಿರುತ್ತದೆ. ಮೇಲಿನಿಂದ ಇಣುಕಿದರೆ ಉಪ್ಪು ತುಂಬಿದಂತೆಯೇ ಕಾಣುತ್ತದೆ, ಕೆಳಗೆ ಬರೀ ನೀರು. ಮರದ ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡಿ. ಸಡಿಲವಾಗಿದ್ದರೆ ಕೋಲು ಸರಾಗ ಇಳಿಯುತ್ತದೆ, ಹೆಂಟೆ ಇದ್ದರೆ ಟಕ್ ಎಂದು ನಿಂತು, ಒತ್ತಿದಾಗ ಒಮ್ಮೆಲೇ ಕುಸಿಯುತ್ತದೆ. ಹಾರೆ, ಕಬ್ಬಿಣದ ಸಲಾಕೆ ಹಾಕಿ ಕುಟ್ಟಬೇಡಿ, ತೊಟ್ಟಿಯ ತಳ ಒಡೆದೀತು. ಮಳೆಗಾಲದಲ್ಲಿ ಅರ್ಧ ತೊಟ್ಟಿಗಿಂತ ಹೆಚ್ಚು ತುಂಬದಿದ್ದರೆ ಈ ಕಾಟ ಕಡಿಮೆ.

ಯಾವ ಉಪ್ಪು? ಅಡುಗೆಯ ಪುಡಿ ಉಪ್ಪು ಬೇಡವೇ ಬೇಡ, ಅದು ತಳದಲ್ಲಿ ಕೆಸರಿನಂತೆ ಕೂತುಬಿಡುತ್ತದೆ. ಕಲ್ಲುಪ್ಪು ಅಗ್ಗ, ಆದರೆ ಉಪ್ಪಿನ ಗದ್ದೆಯ ಮಣ್ಣೂ ಅದರ ಜೊತೆ ಬರುತ್ತದೆ. ಒಂದು ಹಿಡಿಯನ್ನು ಗಾಜಿನ ಲೋಟದಲ್ಲಿ ಕರಗಿಸಿ ಬೆಳಿಗ್ಗೆವರೆಗೆ ಬಿಡಿ, ತಳದಲ್ಲಿ ಮಣ್ಣು ಕೂತರೆ ಆ ಅಂಗಡಿಯ ಉಪ್ಪು ಬೇಡ. ಶುದ್ಧೀಕರಿಸಿದ ಮಾತ್ರೆ ಉಪ್ಪು ದುಬಾರಿಯಾದರೂ ಆಟೊಮ್ಯಾಟಿಕ್ ಯಂತ್ರಕ್ಕೆ ಅದೇ ವಾಸಿ.

7. ಇಂಜೆಕ್ಟರ್‌ಗೆ ಪಿನ್ನು ಹಾಕಬೇಡಿ

ಉಪ್ಪಿನ ತೊಟ್ಟಿಯಲ್ಲಿ ನೀರು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲ ಗುಮಾನಿ ಇಂಜೆಕ್ಟರಿನ ಮೇಲೆ. ತೂತು ಮಿಲಿಮೀಟರಿನ ಲೆಕ್ಕದ್ದು, ಒಂದು ಮರಳ ಕಣ ಸಾಕು ಮುಚ್ಚಲು. ಬೈಪಾಸ್ ಮಾಡಿ, ಪ್ರೆಶರ್ ಬಿಟ್ಟು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ, ಅಂಚು ಸ್ವಚ್ಛವಾಗಿ ಕಾಣಬೇಕು. ನೀರಲ್ಲಿ ನೆನೆಸಿ ಊದಿದರೆ ಸಾಮಾನ್ಯವಾಗಿ ಬಿಡುತ್ತದೆ. ಪಿನ್ನು, ತಂತಿ ಹಾಕಿ ಕೆರೆದರೆ ತೂತು ಹಿಗ್ಗಿ, ಎಳೆತದ ಲೆಕ್ಕವೇ ತಪ್ಪುತ್ತದೆ. ಅದರ ಮುಂದಿರುವ ಪುಟ್ಟ ಜಾಲರಿಯನ್ನೂ ತೊಳೆಯಿರಿ. ಡ್ರೈನ್ ಪೈಪು ಮಡಚಿಕೊಂಡಿದ್ದರೂ ಇದೇ ಲಕ್ಷಣ, ಆದ್ದರಿಂದ ಬಿಚ್ಚುವ ಮೊದಲು ಪೈಪನ್ನೊಮ್ಮೆ ಕೊನೆವರೆಗೆ ನೋಡಿ ಬನ್ನಿ.

8. ಹೆಚ್ಚು ಉಪ್ಪು ಹಾಕಿದಷ್ಟೂ ಲಾಭ ಇಳಿಯುತ್ತದೆ

ಇದು ನನಗೆ ಬಹಳ ಮುಖ್ಯವೆನಿಸಿದ ಪಾಠ, ಯಾರೂ ಗ್ರಾಹಕರಿಗೆ ಹೇಳದ ಪಾಠ ಕೂಡ. ಲೀಟರ್ ರೆಸಿನ್‌ಗೆ 100 ಗ್ರಾಂ ಉಪ್ಪು ಕೊಟ್ಟರೆ ಅದು ಸುಮಾರು 45 ಗ್ರಾಂ ಗಡಸುತನ ಹಿಡಿಯುವಷ್ಟು ಸಜ್ಜಾಗುತ್ತದೆ. 240 ಗ್ರಾಂ ಕೊಟ್ಟರೆ ಸುಮಾರು 69 ಗ್ರಾಂ. ಉಪ್ಪು ಎರಡೂಕಾಲು ಪಟ್ಟು ದಾಟಿತು, ಫಲ ಒಂದೂವರೆ ಪಟ್ಟು ಮಾತ್ರ.

ನಾಲ್ಕು ಜನರ ಮನೆ ಎಂದಿಟ್ಟುಕೊಳ್ಳಿ. ತಲೆಗೆ 135 ಲೀಟರಿನಂತೆ ದಿನಕ್ಕೆ 540 ಲೀಟರ್, ಗಡಸುತನ 500. ದಿನಕ್ಕೆ 270 ಗ್ರಾಂ, ತಿಂಗಳಿಗೆ 8 ಕಿಲೋ 100 ಗ್ರಾಂ ಗಡಸುತನ ತೆಗೆಯಬೇಕು. ಯಂತ್ರದಲ್ಲಿ 25 ಲೀಟರ್ ರೆಸಿನ್ ಇದೆ. ಸಣ್ಣ ಪ್ರಮಾಣದಲ್ಲಿ, ಅಂದರೆ ಸಲಕ್ಕೆ ಎರಡೂವರೆ ಕಿಲೋ ಉಪ್ಪಿನಲ್ಲಿ, ನಾಲ್ಕು ದಿನಕ್ಕೊಮ್ಮೆ ತೊಳೆದರೆ ತಿಂಗಳಿಗೆ ಸುಮಾರು 18 ಕಿಲೋ. ಸಲಕ್ಕೆ ಆರು ಕಿಲೋ ಹಾಕಿ ಆರು ದಿನಕ್ಕೊಮ್ಮೆ ತೊಳೆದರೆ ತಿಂಗಳಿಗೆ ಸುಮಾರು 28 ಕಿಲೋ. ಅದೇ ಮನೆ, ಅದೇ ನೀರು, ಹತ್ತು ಕಿಲೋ ಉಪ್ಪು ಮೋರಿಗೆ.

ಇದರ ಇನ್ನೊಂದು ಮಗ್ಗುಲೂ ಇದೆ. ಈ ಗಾತ್ರದ ಯಂತ್ರ ಒಂದು ಸಲ ತೊಳೆದುಕೊಳ್ಳಲು 150ರಿಂದ 200 ಲೀಟರ್ ನೀರು ಕುಡಿಯುತ್ತದೆ. ಬೇಗ ಬೇಗ ತೊಳೆದರೆ ಉಪ್ಪು ಉಳಿಯುತ್ತದೆ, ನೀರು ಹೋಗುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಮನೆಗೆ ನಾನು ಲೀಟರ್ ರೆಸಿನ್‌ಗೆ 150–160 ಗ್ರಾಂ ಇಡುತ್ತೇನೆ, ಸ್ವಂತ ಬೋರ್ ಇದ್ದರೆ ಇನ್ನೂ ಇಳಿಸುತ್ತೇನೆ. ದಿನ ಎಣಿಸಿ ತೊಳೆಯುವ ವಾಲ್ವ್‌ಗಿಂತ ಬಳಸಿದ ನೀರನ್ನು ಅಳೆದು ತೊಳೆಯುವ ವಾಲ್ವ್ ಕೊಳ್ಳಿ ಎನ್ನುವುದು ಇದಕ್ಕೇ. ಮನೆಯವರೆಲ್ಲ ಊರಿಗೆ ಹೋದರೂ ಮೊದಲನೆಯದು ನಾಲ್ಕು ದಿನಕ್ಕೊಮ್ಮೆ ಉಪ್ಪು ಸುರಿಯುತ್ತಲೇ ಇರುತ್ತದೆ.

ಕೊಳ್ಳುವಾಗ ಸಿಲಿಂಡರಿನ ಎತ್ತರ ನೋಡಬೇಡಿ, ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

9. ಕಬ್ಬಿಣ ಮತ್ತು ಕ್ಲೋರಿನ್, ರೆಸಿನ್‌ಗೆ ಎರಡೂ ಶತ್ರು

ಕೆಲವು ಬೋರ್ ನೀರು ಮೇಲೆ ಬಂದಾಗ ಕನ್ನಡಿಯಂತೆ ತಿಳಿ, ಬಕೆಟಿನಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪು ಕೆನೆ. ಅದು ಕಬ್ಬಿಣ. ಗಾಳಿ ತಾಗಿ ತುಕ್ಕಾದದ್ದು ಗುಂಡುಗಳಿಗೆ ಅಂಟಿಕೊಂಡರೆ ಉಪ್ಪಿಗೆ ಬಿಡುವುದಿಲ್ಲ, ಜೇನು ಬಣ್ಣದ ರೆಸಿನ್ ಕಾಫಿ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ನೀರಿಗೆ ಸಾಫ್ಟ್‌ನರಿಗಿಂತ ಮುಂಚೆ ಕಬ್ಬಿಣ ತೆಗೆಯುವ ಫಿಲ್ಟರ್ ಇರಲೇಬೇಕು.

ಕ್ಲೋರಿನ್ ಮಾಡುವ ಹಾನಿ ಬೇರೆ ಬಗೆಯದು. ಅದು ರೆಸಿನ್‌ನ ಒಳಗಿನ ಕಟ್ಟನ್ನೇ ನಿಧಾನವಾಗಿ ಸಡಿಲಿಸುತ್ತದೆ. ಒಳ್ಳೆಯ ಗುಂಡನ್ನು ಎರಡು ಬೆರಳ ನಡುವೆ ಒತ್ತಿದರೆ ಗಟ್ಟಿಯಾಗಿ ಜಾರುತ್ತದೆ, ಕೆಟ್ಟದ್ದು ಮೆತ್ತಗೆ ಪಿಚಕ್ಕೆನ್ನುತ್ತದೆ. ಹಾಗಾದ ಮೇಲೆ ಬದಲಿಸುವುದೊಂದೇ ದಾರಿ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ದಿನ ಸಾಫ್ಟ್‌ನರ್ ಬೈಪಾಸಿನಲ್ಲಿರಲಿ.

10. ಅಯಸ್ಕಾಂತ ಕಟ್ಟಿದರೆ ಕ್ಯಾಲ್ಸಿಯಂ ಹೋಗುವುದಿಲ್ಲ

ಪೈಪಿಗೆ ಅಯಸ್ಕಾಂತ ಕಟ್ಟಿ, ವೈರು ಸುತ್ತಿ, "ಉಪ್ಪು ಬೇಡದ ಸಾಫ್ಟ್‌ನರ್" ಎಂದು ಮಾರುವವರಿದ್ದಾರೆ. ಮುಂಚೆ ಮತ್ತು ಆಮೇಲೆ ಕಿಟ್ಟಿನಲ್ಲಿ ನೋಡಿ, ಹನಿಗಳ ಲೆಕ್ಕ ಒಂದೇ. ತೆಗೆಯದೇ ಇದ್ದದ್ದನ್ನು ತೆಗೆದಿದ್ದೇನೆ ಎನ್ನುವ ಸಾಧನಕ್ಕೆ ನಾನು ನನ್ನ ಮಾತು ಕೊಡಲಾರೆ.

11. ಕುಡಿಯುವ ನಲ್ಲಿಯನ್ನು ಬೇರೆ ಮಾಡಿ

ಗಡಸುತನ 100 ಇಳಿದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 500 ಇಳಿಸಿದ ನೀರಿನಲ್ಲಿ 230. ದಿನಕ್ಕೆ ಎರಡು ಲೀಟರ್ ಕುಡಿದರೆ 460 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರ ಹೆಚ್ಚುಕಡಿಮೆ ಕಾಲು ಭಾಗ ಬರೀ ನೀರಿನಲ್ಲೇ ಹೋದಂತಾಯಿತು. ಬಿಪಿ, ಮೂತ್ರಪಿಂಡದ ತೊಂದರೆ ಇರುವವರ ಮನೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಅಡುಗೆಮನೆಗೆ ಸಾಫ್ಟ್‌ನರ್ ಮುಟ್ಟದ ಒಂದು ಲೈನ್ ಎಳೆಯಿರಿ, ಇಲ್ಲವೇ ಮೆದು ನೀರನ್ನು ಆರ್‌ಒ ಮೂಲಕ ಕುಡಿಯಿರಿ. ಆರ್‌ಒ ಸೋಡಿಯಂ ಅನ್ನು ಬಹುಪಾಲು ತೆಗೆಯುತ್ತದೆ, ಮೆದು ನೀರು ಬಂದರೆ ಅದರ ಮೆಂಬ್ರೇನೂ ಹೆಚ್ಚು ಕಾಲ ಬಾಳುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳಬೇಕು. ಸಾಫ್ಟ್‌ನರ್ ಫ್ಲೋರೈಡ್ ತೆಗೆಯುವುದಿಲ್ಲ. ನೈಟ್ರೇಟನ್ನೂ ತೆಗೆಯುವುದಿಲ್ಲ. ರೆಸಿನ್ ಹಿಡಿಯುವುದು ಧನ ವಿದ್ಯುದಂಶದವನ್ನು, ಇವೆರಡೂ ಋಣ ವಿದ್ಯುದಂಶದವು. ನೊರೆ ಚೆನ್ನಾಗಿ ಬರುತ್ತಿದೆ, ಬೇಳೆ ಬೇಯುತ್ತಿದೆ ಎಂದು ಆ ನೀರನ್ನು ಮಕ್ಕಳಿಗೆ ಕುಡಿಸಬೇಡಿ.

12. ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

ಸಾಫ್ಟ್‌ನರಿಗೆ ಹಾಕಿದ ಉಪ್ಪಿನ ಕ್ಲೋರೈಡ್ ಅಷ್ಟೂ ಡ್ರೈನಿಗೆ ಹೋಗುತ್ತದೆ. ತಿಂಗಳಿಗೆ 20 ಕಿಲೋ ಎಂದರೆ ವರ್ಷಕ್ಕೆ ಒಂದು ಮನೆಯಿಂದ 240 ಕಿಲೋ ಉಪ್ಪು. ನೂರು ಮನೆಯ ಬಡಾವಣೆಯಲ್ಲಿ 24 ಟನ್. ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸುವುದು ಇದೊಂದೇ.

ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಂಗಳದಲ್ಲೇ ಇಂಗುಗುಂಡಿ ಇದೆ. ಸಾಫ್ಟ್‌ನರಿಗೆ ಅದೇ ಹತ್ತಿರ, ಪೈಪಿನ ಖರ್ಚು ಉಳಿಯುತ್ತದೆ ಎಂದು ಡ್ರೈನನ್ನು ಅದರೊಳಗೇ ಬಿಟ್ಟಿರುತ್ತಾರೆ. ಅಂದರೆ ಬೋರ್‌ವೆಲ್ಲಿನಿಂದ ಎತ್ತಿದ ಗಡಸನ್ನು ಉಪ್ಪು ಬೆರೆಸಿ ಅದೇ ಬೋರ್‌ವೆಲ್ಲಿಗೆ ಹಿಂದಿರುಗಿಸಿದ ಹಾಗೆ. ಅಂಥ ಪೈಪು ಕಂಡರೆ ಮೊದಲು ಅದನ್ನು ಕತ್ತರಿಸುತ್ತೇನೆ, ಆಮೇಲೆ ಉಳಿದ ಕೆಲಸ. ಗಿಡಗಳ ಬುಡಕ್ಕೂ ಬೇಡ. ತೆಂಗಿನ ಮರ ತಡೆದುಕೊಂಡೀತು, ಮಣ್ಣು ತಡೆಯುವುದಿಲ್ಲ: ಸೋಡಿಯಂ ಹಿಡಿದ ಜೇಡಿ ಮುಚ್ಚಿಕೊಂಡು ನೀರು ಇಂಗುವುದೇ ನಿಲ್ಲುತ್ತದೆ.

ಒಳಚರಂಡಿಗೆ ಬಿಟ್ಟರೆ ಮುಗಿಯಿತೇ? ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ದ್ವಿತೀಯ ಹಂತದವರೆಗೆ ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತದೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಇಲ್ಲಿ ಸುರಿದ ಉಪ್ಪು ಅಲ್ಲಿನ ಕೆರೆಗೆ ಹೋಗುವ ದಾರಿ ತೆರೆದೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ ಕಣಿವೆಯಲ್ಲಿ ನದಿಗೆ ಸೇರುವ ಕ್ಲೋರೈಡ್ ಇಳಿಸಲೆಂದೇ, ಮನೆಯಲ್ಲಿ ಉಪ್ಪಿನಿಂದ ತೊಳೆದುಕೊಳ್ಳುವ ಸಾಫ್ಟ್‌ನರ್‌ಗಳನ್ನು ತೆಗೆಸುವ ನಿರ್ಣಯಕ್ಕೆ 2008ರಲ್ಲಿ ಮತದಾರರೇ ಒಪ್ಪಿಗೆ ಕೊಟ್ಟರು. ನಾವು ಯಂತ್ರ ತೆಗೆಯಬೇಕೆಂದು ನಾನು ಹೇಳುವುದಿಲ್ಲ. 600 ದಾಟಿದ ಗಡಸಿನಲ್ಲಿ ಸಂಸಾರ ಮಾಡುವವರ ಕಷ್ಟ ದಿನವೂ ನೋಡುತ್ತೇನೆ. ಆದರೆ ಕಕ್ಕಸಿನ ಫ್ಲಶ್, ಗಿಡದ ನಲ್ಲಿ, ಕಾರು ತೊಳೆಯುವ ನಲ್ಲಿ, ಇವಕ್ಕೆ ಮೆದು ನೀರು ಯಾಕೆ? ಮನೆ ಕಟ್ಟುವಾಗಲೇ ಗಡಸು ನೀರಿನ ಲೈನ್ ಬೇರೆ ಎಳೆದರೆ ಸಾಫ್ಟ್‌ನರಿನ ಹೊರೆಯಲ್ಲಿ ದೊಡ್ಡ ಪಾಲು ಅಲ್ಲೇ ಇಳಿಯುತ್ತದೆ.

13. ಮಳೆಗಾಲದಲ್ಲಿ ಸೆಟ್ಟಿಂಗ್ ಬದಲಿಸಿ

ತಾರಸಿಯಿಂದ ಇಳಿಯುವ ಮಳೆನೀರಿನಲ್ಲಿ ಗಡಸುತನ ಇಲ್ಲವೆಂದೇ ಹೇಳಬಹುದು. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಸೋಸಿ ಸಂಪಿಗೆ ತುಂಬಿಕೊಳ್ಳುವ ಮನೆಗಳಲ್ಲಿ 500 ಇದ್ದ ಗಡಸುತನ ಅರ್ಧ ಬೆರಕೆಗೆ 250ಕ್ಕೆ ಬರುತ್ತದೆ. ಯಂತ್ರಕ್ಕೆ ಮಾತ್ರ ಅದು ಗೊತ್ತಾಗುವುದಿಲ್ಲ. ನೀವು ತಿಳಿಸುವವರೆಗೆ 500ರ ಲೆಕ್ಕದಲ್ಲೇ ಉಪ್ಪು ಸುರಿಯುತ್ತದೆ. ಸಂಪು ಮಳೆನೀರಿನಿಂದ ತುಂಬಿದ ವಾರ ಕಿಟ್ಟಿನಲ್ಲಿ ನೋಡಿ, ವಾಲ್ವಿನಲ್ಲಿ ಗಡಸುತನದ ಅಂಕಿಯನ್ನು ಅಷ್ಟಕ್ಕೆ ಇಳಿಸಿ. ಮಳೆ ನಿಂತು ಮತ್ತೆ ಬೋರ್ ನೀರಿಗೆ ಬಂದಾಗ ಏರಿಸಿ. ತೊಟ್ಟಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ತಾರೀಖು, ಗಡಸುತನ, ಹಾಕಿದ ಉಪ್ಪು ಬರೆದಿಡಿ. ಮುಂದಿನ ಸಲ ಬರುವ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಅದೇ ಮುಗಿಸಿಕೊಟ್ಟಿರುತ್ತದೆ.